ವೈಡ್‌ಸ್ಕ್ರೀನ್ ವಿಡಿಯೋದಿಂದ ತೆಗೆದ ಸ್ಟಿಲ್‌ಗಳ (ಸ್ಥಿರಚಿತ್ರಗಳ) ಅನುಪಾತ ಕೆಡುತ್ತಿರುವ ಕುರಿತು ದೂರು

ಇವರಿಗೆ,
ಮುಖ್ಯಸ್ಥರು, ತಾಂತ್ರಿಕ ನೆರವು ವಿಭಾಗ

ಇಂದ,
ತಮ್ಮ ವಿಡಿಯೋ ಸಂಕಲನ ತಂತ್ರಾಂಶದ ನೋಂದಾಯಿತ ಬಳಕೆದಾರ

ವಿಷಯ: ಫ್ರೇಮ್ ಎಕ್ಸ್‌ಪೋರ್ಟ್ ಮಾಡುವಾಗ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೋ (ಒಂದೊಂದು ಪಿಕ್ಸೆಲ್ಲಿನ ಅಗಲ-ಎತ್ತರಗಳ ಅನುಪಾತ) ಕಳೆದುಹೋಗಿ ಚಿತ್ರಗಳು ಕಿರಿದಾಗುತ್ತಿರುವ ಬಗ್ಗೆ, ಹಾಗೂ ಸಹಾಯ ಕೇಂದ್ರದಿಂದ ಬಂದ ತಪ್ಪು ಸಲಹೆಗಳ ಬಗ್ಗೆ.

ಮಾನ್ಯರೇ,

ನಾನು ಆರು ವರ್ಷಗಳಿಂದ ತಮ್ಮ ತಂತ್ರಾಂಶವನ್ನು ಹಣ ಕೊಟ್ಟು ಬಳಸುತ್ತಿದ್ದೇನೆ, ಮತ್ತು ಈ ಪತ್ರ ಬರೆಯುವವರೆಗೆ ಒಮ್ಮೆಯೂ ದೂರು ನೀಡಿದವನಲ್ಲ. ಹಳೆಯ ರಂಗಪ್ರದರ್ಶನಗಳ ಟೇಪುಗಳಿಂದ ಒಂದು ಸಚಿತ್ರ ಪುಸ್ತಕಕ್ಕಾಗಿ 136 ಸ್ಟಿಲ್‌ಗಳನ್ನು ತೆಗೆದುಕೊಡುವ ಕೆಲಸ ಈಚೆಗೆ ನನಗೆ ಬಂದಿತ್ತು. ಅವುಗಳಲ್ಲಿ 98 ಚಿತ್ರಗಳು ಪ್ಯಾಲ್ ಎಂಬ ಟಿವಿ ಪದ್ಧತಿಯ ವೈಡ್‌ಸ್ಕ್ರೀನ್ ಡಿವಿ (ಡಿಜಿಟಲ್ ವಿಡಿಯೋ) ಟೇಪುಗಳಿಂದಲೂ, ಉಳಿದ 38 ಎಚ್‌ಡಿವಿ (ಹೈ-ಡೆಫಿನಿಷನ್ ವಿಡಿಯೋ) ಟೇಪುಗಳಿಂದಲೂ ಬರಬೇಕಿತ್ತು. ಎಲ್ಲವನ್ನೂ ಒಂದೇ ಬಾರಿಗೆ ಎಕ್ಸ್‌ಪೋರ್ಟ್ ಮಾಡಿ, ಸಣ್ಣ ಗಾತ್ರದಲ್ಲಿ ಒಮ್ಮೆ ಕಣ್ಣಾಡಿಸಿ, ಪುಟವಿನ್ಯಾಸಕರಿಗೆ ಕಳುಹಿಸಿದೆ. ಅಲ್ಲಿ ನಾನು ಎಚ್ಚರಿಕೆ ವಹಿಸದಿದ್ದದ್ದು ನಿಜ.

ತಪ್ಪು ಮೊದಲು ಗೊತ್ತಾದದ್ದು ಒಂದು ಗೋಡೆ ಗಡಿಯಾರದಿಂದ. ರಂಗಸಜ್ಜಿಕೆಯಲ್ಲಿ ನೇತುಹಾಕಿದ್ದ ಆ ದುಂಡು ಗಡಿಯಾರ ಪುಟದ ಮೇಲೆ ಮೊಟ್ಟೆಯಂತೆ ನಿಂತಿತ್ತು. ಕಡತ ತೆರೆದು ಅಳೆದಾಗ ಅದರ ಎತ್ತರ 292 ಪಿಕ್ಸೆಲ್, ಅಗಲ 201 ಪಿಕ್ಸೆಲ್ ಇತ್ತು. ಅದೇ ಫ್ರೇಮನ್ನು ತಮ್ಮ ಪ್ರಿವ್ಯೂ ಕಿಟಕಿಯಲ್ಲಿ ನಿಲ್ಲಿಸಿ ನೋಡಿದರೆ ಗಡಿಯಾರ ದುಂಡಗೇ ಇದೆ. ಹಾಗಾದರೆ ಈ ಫ್ರೇಮನ್ನು ಎಷ್ಟು ಅಗಲಿಸಬೇಕೆಂಬುದು ತಮ್ಮ ತಂತ್ರಾಂಶಕ್ಕೆ ಚೆನ್ನಾಗಿ ಗೊತ್ತಿದೆ. ತೋರಿಸುವಾಗ ನೆನಪಿಟ್ಟುಕೊಂಡದ್ದನ್ನು ಕಡತಕ್ಕೆ ಬರೆಯುವಾಗ ಮರೆಯುತ್ತಿದೆ. ನನ್ನ ದೂರಿನ ತಿರುಳು ಇಷ್ಟೇ.

ತಮ್ಮ ತಂತ್ರಜ್ಞರಿಗೆ ತಿಳಿದಿರಲೇಬೇಕಾದ ಸಂಗತಿಯನ್ನು ನಾನು ಇಲ್ಲಿ ಬಿಡಿಸಿ ಬರೆಯಬೇಕಾಗಿ ಬಂದಿರುವುದಕ್ಕೆ ಸಹಾಯ ಕೇಂದ್ರದ ಉತ್ತರಗಳೇ ಕಾರಣ. ಪ್ಯಾಲ್ ಡಿವಿಯಲ್ಲಿ 4:3 ಚಿತ್ರಕ್ಕೂ 16:9 ಚಿತ್ರಕ್ಕೂ ಇರುವುದು ಒಂದೇ ಚೌಕಟ್ಟು: 720 ಅಡ್ಡ, 576 ಉದ್ದ. ಬೇರೆಯಾಗುವುದು ಪಿಕ್ಸೆಲ್ಲಿನ ಆಕಾರ ಮಾತ್ರ. ಮೊದಲನೆಯದರಲ್ಲಿ ಅದು 12:11, ಎರಡನೆಯದರಲ್ಲಿ 16:11. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪ್ರತಿ ಪಿಕ್ಸೆಲ್ಲನ್ನೂ ಚೌಕವೆಂದೇ ಬಗೆದು ಕಡತ ಬರೆದರೆ, ವೈಡ್‌ಸ್ಕ್ರೀನ್ ಚಿತ್ರ ತನ್ನ ಅಗಲದಲ್ಲಿ ಸುಮಾರು ಶೇ. 31ರಷ್ಟನ್ನು ಕಳೆದುಕೊಂಡು, 4:3 ಕೂಡ ಅಲ್ಲದ, 16:9 ಕೂಡ ಅಲ್ಲದ, ಆ ಟೇಪಿನಲ್ಲಿ ಯಾರೂ ಚಿತ್ರೀಕರಿಸದ 5:4 ಆಕಾರಕ್ಕೆ ಬಂದು ನಿಲ್ಲುತ್ತದೆ. ಎಚ್‌ಡಿವಿಯ ಕತೆಯೂ ಇದೇ. 1440 × 1080ರ ಫ್ರೇಮು 4:3 ಅನುಪಾತದ ಪಿಕ್ಸೆಲ್ಲುಗಳಿಂದಾಗಿ 1920 × 1080 ಆಗಿ ಹರಡಿಕೊಳ್ಳಬೇಕು, ತಮ್ಮಲ್ಲಿ ಹರಡಿಕೊಳ್ಳುತ್ತಿಲ್ಲ. ಇಂದಿನ ಪೂರ್ಣ ಎಚ್‌ಡಿ ವಿಡಿಯೋಗಳಲ್ಲಿ ಪಿಕ್ಸೆಲ್ ಸಾಮಾನ್ಯವಾಗಿ ಚೌಕವೇ ಆಗಿರುವುದರಿಂದ ಅವುಗಳ ಮೇಲಷ್ಟೇ ಪರೀಕ್ಷೆ ನಡೆಸಿದವರಿಗೆ ಈ ದೋಷ ಎಂದಿಗೂ ಕಾಣದು, ಮತ್ತು ಇಲ್ಲಿ ಆಗಿರುವುದು ಅದೇ ಎಂದು ನನ್ನ ಊಹೆ.

ನನ್ನ ಮೊದಲ ಮಿಂಚಂಚೆಗೆ ಬಂದ ಉತ್ತರದಲ್ಲಿ, ಅನುಪಾತದ ವಿವರವನ್ನು ಕಡತದೊಳಗೇ ಬರೆಯಲಾಗುತ್ತದೆ, ಅದನ್ನು ಓದದ ಚಿತ್ರವೀಕ್ಷಕಗಳದ್ದೇ ತಪ್ಪು ಎಂದಿತ್ತು. ನಾನು ಆ ಮಾತನ್ನು ನಂಬಿ ಕಡತಗಳನ್ನು ಬಿಚ್ಚಿ ನೋಡಿದೆ. ಜೆಪೆಗ್ ಕಡತದ ತಲೆಬರಹದಲ್ಲಿ ಅಡ್ಡ ಮತ್ತು ಉದ್ದದ ಸಾಂದ್ರತೆ ಎರಡೂ 1 ಎಂದಿದೆ, ಅಂದರೆ ಪಿಕ್ಸೆಲ್ ಚೌಕವಾಗಿದೆ ಎಂದು ಕಡತವೇ ಬಾಯಿಬಿಟ್ಟು ಹೇಳುತ್ತಿದೆ. ಟಿಫ್ ಕಡತದಲ್ಲಿ ಎರಡೂ ದಿಕ್ಕಿಗೆ 72 ಎಂದಿದೆ. ಪಿಎನ್‌ಜಿಯಲ್ಲಂತೂ ಇದಕ್ಕೆಂದೇ ಮೀಸಲಾದ ಭಾಗವನ್ನು ಬರೆದೇ ಇಲ್ಲ. ಇಲ್ಲದ ಮಾಹಿತಿಯನ್ನು ಓದಲಿಲ್ಲವೆಂದು ಬೇರೆಯವರ ತಂತ್ರಾಂಶಗಳನ್ನು ದೂರುವುದು ನ್ಯಾಯವಲ್ಲ. ಬರೆದಿದ್ದರೂ ಹೆಚ್ಚಿನ ವೀಕ್ಷಕಗಳು ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂಬುದು ಬೇರೆ ಮಾತು. ಮುದ್ರಣಕ್ಕೆ ಹೋಗುವ ಚಿತ್ರದಲ್ಲಿ ಪಿಕ್ಸೆಲ್ಲುಗಳು ನಿಜವಾಗಿಯೇ ಚೌಕವಾಗಿರುವುದೊಂದೇ ಸುರಕ್ಷಿತ ದಾರಿ.

ಎರಡನೆಯ ಉತ್ತರ, ಎಕ್ಸ್‌ಪೋರ್ಟ್ ಕಿಟಕಿಯ ಮೂಲೆಯಲ್ಲಿರುವ 'ಚೌಕ ಪಿಕ್ಸೆಲ್' ಎಂಬ ಗುರುತನ್ನು ಒತ್ತಲು ಹೇಳಿತು. ಒತ್ತಿದೆ. ಬಂದದ್ದು 720 × 405ರ ಚಿತ್ರ! ಅಗಲವನ್ನು ಹೆಚ್ಚಿಸಬೇಕಾದಲ್ಲಿ ಎತ್ತರವನ್ನು ಕುಗ್ಗಿಸಿ, ಟೇಪಿನಲ್ಲಿದ್ದ 576 ಗೆರೆಗಳ ವಿವರವನ್ನು 405 ಗೆರೆಗಳಿಗೆ ಇಳಿಸಿ, ಅದನ್ನೇ ಪರಿಹಾರವೆಂದು ಕೊಡಲಾಗಿದೆ. ಅಷ್ಟಕ್ಕೇ ನಿಂತಿದ್ದರೂ ಸಹಿಸಬಹುದಿತ್ತೇನೋ. ಈ ಟೇಪುಗಳು ಇಂಟರ್‌ಲೇಸ್ ಆದವು. ಒಂದೊಂದು ಫ್ರೇಮಿನಲ್ಲೂ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಅಂತರದಲ್ಲಿ ಹಿಡಿದ ಎರಡು ಫೀಲ್ಡ್‌ಗಳು ಗೆರೆ ಬಿಟ್ಟು ಗೆರೆ ಹೆಣೆದುಕೊಂಡಿರುತ್ತವೆ. ಅವುಗಳನ್ನು ಮೊದಲು ಬೇರ್ಪಡಿಸದೆ ಎತ್ತರವನ್ನು ಕುಗ್ಗಿಸಿದಾಗ ಎರಡೂ ಕಲಸಿಹೋಗುತ್ತವೆ. ನಟಿಯೊಬ್ಬರು ಕೈಬೀಸಿದ ಫ್ರೇಮಿನಲ್ಲಿ ಅವರ ಬೆರಳುಗಳಿರಬೇಕಾದ ಕಡೆ ಈಗ ಮಸುಕಾದ ಪಟ್ಟೆಗಳಿವೆ, ಮತ್ತು ಆ ಹಂತ ದಾಟಿದ ಮೇಲೆ ಯಾವ ಫಿಲ್ಟರ್ ಹಾಕಿದರೂ ಬೆರಳುಗಳು ಮರಳಿ ಬರುವುದಿಲ್ಲ.

ಮೂರನೆಯ ಸಲಹೆ ಫೋನಿನಲ್ಲಿ ಸಿಕ್ಕಿತು: ಚಿತ್ರ ಸಂಪಾದಕದಲ್ಲಿ ತೆರೆದು 1024 × 576ಕ್ಕೆ ಎಳೆಯಿರಿ. ಕೇಳಲು ಸರಳವಾಗಿದೆ, ಬಹುಪಾಲು ಸರಿಯೂ ಆಗಿದೆ, ಆದರೆ ಪೂರ್ತಿ ಸರಿಯಲ್ಲ. ಹಾಗೆ ಎಳೆದಾಗ ಗಡಿಯಾರದ ಅಗಲ 286 ಆಯಿತು, ಎತ್ತರ 292ರಲ್ಲೇ ಉಳಿಯಿತು. ಕಾರಣ ಇದು: ಟಿವಿ ಚಿತ್ರವನ್ನು ಡಿಜಿಟಲ್ ಮಾಡುವ ಅಂತರರಾಷ್ಟ್ರೀಯ ಮಾನದಂಡವಾಗಿ 1982ರಲ್ಲಿ ರೂಪುಗೊಂಡ ಶಿಫಾರಸು 601ರ ಪ್ರಕಾರ ಮಾದರಿಗಳನ್ನು (ಅಂದರೆ ಪಿಕ್ಸೆಲ್ಲುಗಳನ್ನು) ತೆಗೆಯುವ ವೇಗ 13.5 ಮೆಗಾಹರ್ಟ್ಸ್, ಪ್ಯಾಲ್ ಬಳಸುವ 625 ಗೆರೆಗಳ ಪದ್ಧತಿಯಲ್ಲಿ ಒಂದು ಗೆರೆಯ ಕಾಣುವ ಭಾಗ 52 ಮೈಕ್ರೋಸೆಕೆಂಡುಗಳಷ್ಟು, ಗುಣಿಸಿದರೆ ಸಿಗುವುದು 702, 720 ಅಲ್ಲ. ರೂಢಿಯಲ್ಲಿ ಇದನ್ನು 704 ಎಂದು ಎಣಿಸುತ್ತಾರೆ. ನನ್ನ ಟೇಪುಗಳಲ್ಲಿ ಎಡಕ್ಕೂ ಬಲಕ್ಕೂ ಎಂಟೆಂಟು ಪಿಕ್ಸೆಲ್ಲುಗಳ ಕಪ್ಪು ಅಂಚು ಕಾಣುವುದೂ ಇದೇ ಕಾರಣಕ್ಕೆ. ಆ ಅಂಚುಗಳನ್ನು ಕತ್ತರಿಸಿ ಉಳಿದ 704ನ್ನು 1024ಕ್ಕೆ ಹಿಗ್ಗಿಸಿದಾಗ ಗಡಿಯಾರದ ಅಗಲವೂ 292 ಆಯಿತು. ಎರಡು ಶೇಕಡಾ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತದೆ ಎಂದು ತಾವು ಕೇಳಬಹುದು. ಒಂಟಿ ಚಿತ್ರದಲ್ಲಿ ಬೀಳದು, ಒಪ್ಪುತ್ತೇನೆ. ಆದರೆ ಒಬ್ಬರದೇ ಮುಖ ಎಡಪುಟದಲ್ಲಿ ಡಿವಿಯಿಂದಲೂ ಬಲಪುಟದಲ್ಲಿ ಎಚ್‌ಡಿವಿಯಿಂದಲೂ ಬಂದು ಎದುರುಬದುರಾದಾಗ ಯಾವುದೋ ಒಂದು ಸರಿಯಿಲ್ಲವೆಂದು ಓದುಗರಿಗೆ ಅನಿಸುತ್ತದೆ.

720 ಪಿಕ್ಸೆಲ್ಲುಗಳನ್ನೂ ತುಂಬಿಕೊಡುವ ಕ್ಯಾಮೆರಾಗಳೂ ಇವೆ, ಅಂತಹ ಚಿತ್ರಗಳಿಗೆ 64:45 ಅನುಪಾತವನ್ನು ಬಳಸುವವರೂ ಇದ್ದಾರೆ ಎಂಬುದು ನನಗೆ ತಿಳಿದಿದೆ. ಎರಡರಲ್ಲಿ ಯಾವುದನ್ನು ಆರಿಸಬೇಕೆಂಬ ಚರ್ಚೆಗೆ ನಾನು ಇಳಿಯುತ್ತಿಲ್ಲ. ತಂತ್ರಾಂಶ ಪ್ರಿವ್ಯೂಗೆ ಯಾವುದನ್ನು ಬಳಸುತ್ತದೆಯೋ ಎಕ್ಸ್‌ಪೋರ್ಟಿಗೂ ಅದನ್ನೇ ಬಳಸಲಿ ಎನ್ನುತ್ತಿದ್ದೇನೆ.

ಇದರಿಂದ ಆಗಿರುವ ತೊಂದರೆಯನ್ನೂ ದಾಖಲಿಸುತ್ತೇನೆ. ಚಿತ್ರಗಳು ಕಿರಿದಾಗಿರುವುದನ್ನು ಗಮನಿಸಿದ ಪುಟವಿನ್ಯಾಸಕರು, ನನಗೆ ತಿಳಿಸುವ ಮುನ್ನವೇ, ಸುಮಾರು ನಲವತ್ತು ಚಿತ್ರಗಳನ್ನು ಕಣ್ಣಳತೆಯಲ್ಲಿ ಅಗಲಿಸಿಬಿಟ್ಟಿದ್ದರು. ಒಂದೊಂದು ಒಂದೊಂದು ಪ್ರಮಾಣದಲ್ಲಿ ಹಿಗ್ಗಿದ್ದರಿಂದ, ಒಬ್ಬನೇ ನಟ ಒಂದು ಪುಟದಲ್ಲಿ ಬಡಕಲಾಗಿ ಇನ್ನೊಂದರಲ್ಲಿ ದಪ್ಪಗಾಗಿ ಕಾಣುತ್ತಿದ್ದಾನೆ. ಅವರನ್ನು ನಾನು ತಪ್ಪಿತಸ್ಥರೆನ್ನಲಾರೆ. ಎಲ್ಲ 136 ಚಿತ್ರಗಳನ್ನೂ ಮೂಲ ಟೇಪುಗಳ ಸಮಯಸಂಕೇತ ಹುಡುಕಿ ಮತ್ತೆ ತೆಗೆಯುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಹೀಗಿದೆ. ಫ್ರೇಮ್ ಎಕ್ಸ್‌ಪೋರ್ಟಿನ ಸಹಜ ಆಯ್ಕೆಯಲ್ಲೇ ಅಗಲವನ್ನು ಹಿಗ್ಗಿಸಿದ, ಗೆರೆಗಳನ್ನು ಕಳೆಯದ, ಚೌಕ ಪಿಕ್ಸೆಲ್ಲಿನ ಚಿತ್ರ ಸಿಗಬೇಕು; ಫೀಲ್ಡ್‌ಗಳನ್ನು ಬೇರ್ಪಡಿಸುವ ಕೆಲಸ ಗಾತ್ರ ಬದಲಿಸುವುದಕ್ಕಿಂತ ಮೊದಲು ನಡೆಯಬೇಕು. ಸ್ಟಿಲ್ಲನ್ನು ಮತ್ತೆ ಟೈಮ್‌ಲೈನಿಗೇ ತಂದು ಜೋಡಿಸುವವರಿಗೆ ಮೂಲದ 720 × 576 ಬೇಕಾಗುತ್ತದೆಯಾದ್ದರಿಂದ ಅದನ್ನು ತೆಗೆದುಹಾಕುವುದು ಬೇಡ, ಆದರೆ ಅದನ್ನು ಆರಿಸಿದಾಗ ನಿಜವಾದ ಅನುಪಾತವನ್ನು ಕಡತದಲ್ಲಿ ಬರೆದು, ಚಿತ್ರ ಕಿರಿದಾಗಿ ಕಾಣುವುದೆಂಬ ಎಚ್ಚರಿಕೆಯನ್ನು ಪರದೆಯ ಮೇಲೆ ತೋರಿಸಿ. 720 × 405 ಕೊಡುವ ಆ ಗುರುತನ್ನು ಸರಿಪಡಿಸುವವರೆಗೆ ಮರೆಮಾಡುವುದೇ ಲೇಸು.

ಈ ತಿದ್ದುಪಡಿ ಯಾವ ಆವೃತ್ತಿಯಲ್ಲಿ ಬರುತ್ತದೆ ಎಂಬುದನ್ನು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದೂ, ಅಲ್ಲಿಯವರೆಗೆ ನನ್ನ ಪರವಾನಗಿಯ ನವೀಕರಣ ಶುಲ್ಕವನ್ನು ತಡೆಹಿಡಿಯಬೇಕೆಂದೂ ಕೋರುತ್ತೇನೆ. ಗಡಿಯಾರವಿರುವ ಫ್ರೇಮಿನ ಮೂಲ ತುಣುಕು, ತಮ್ಮ ತಂತ್ರಾಂಶ ಕೊಟ್ಟ ಮೂರು ಬಗೆಯ ಕಡತಗಳು ಮತ್ತು ನಾನು ಕೈಯಾರೆ ಸರಿಪಡಿಸಿದ ಒಂದು ಚಿತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನೋಂದಾಯಿತ ಬಳಕೆದಾರ