ಕ್ಷೇತ್ರದ ಗೆರೆ ಎಳೆಯುವ ಮುನ್ನ: ನಮ್ಮ ಮೂರು ಜಿಲ್ಲೆಗಳ ಲೆಕ್ಕ

ಸಂಪಾದಕರಿಗೆ,

ಮಾನ್ಯರೇ,

ಹಾವೇರಿ ಜಿಲ್ಲೆಯ ಶಿಗ್ಗಾಂವಿಯನ್ನು ಧಾರವಾಡ ಲೋಕಸಭಾ ಕ್ಷೇತ್ರಕ್ಕೂ ಗದಗ ಜಿಲ್ಲೆಯ ನರಗುಂದವನ್ನು ಬಾಗಲಕೋಟೆಗೂ ಸೇರಿಸಿದ್ದರ ಹಿಂದೆ ರಾಜಕೀಯ ಸಂಚಿದೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದನ್ನು ಓದಿದೆ. ಅವರ ಸಿಟ್ಟನ್ನು ನಾನು ಒಪ್ಪುತ್ತೇನೆ, ಕಾರಣವನ್ನು ಒಪ್ಪಲಾರೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ನೌಕರಿಯಲ್ಲಿದ್ದಷ್ಟು ವರ್ಷ ಬಂದ ಬಹುತೇಕ ಎಲ್ಲ ಚುನಾವಣೆಗಳಲ್ಲೂ ಮತಗಟ್ಟೆಯ ಕೆಲಸಕ್ಕೆ ಹೋಗಿದ್ದೇನೆ. ಆ ಎರಡೂ ಅನುಭವದ ಬಲದಿಂದ ಈ ಪತ್ರ ಬರೆಯುತ್ತಿದ್ದೇನೆ, ತುಸು ಉದ್ದವಾದರೆ ಕ್ಷಮೆಯಿರಲಿ.

ನನ್ನ ಅಕ್ಕನನ್ನು ಕೊಟ್ಟ ಊರು ಬಂಕಾಪುರ. 2024ರ ಮೇ 7ರಂದು ಲೋಕಸಭೆಗೆ ಮತ ಹಾಕಿ ಬಂದ ಆಕೆ ಅಂದು ಸಂಜೆ ಫೋನ್ ಮಾಡಿ ಮೊದಲು ಕೇಳಿದ್ದೇ ಇದು: "ತಮ್ಮಾ, ಬೊಮ್ಮಾಯಿ ಸಾಹೇಬ್ರು ಎಂಪಿಗೆ ನಿಂತಾರ ಅಂತ ಊರ ತುಂಬ ಮಾತಾಡತಿದ್ರು, ಮಷೀನಿನ್ಯಾಗ ಅವರ ಹೆಸರ ಇರಲಿಲ್ಲಲ್ಲೋ?" ಅವರು ನಿಂತದ್ದು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ, ನಿಮ್ಮ ಶಿಗ್ಗಾಂವಿ ಬರುವುದು ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಎಂದು ಹೇಳಿದೆ. "ಹಂಗಾದ್ರ ನಾವು ಹಾವೇರಿಯವರಲ್ಲೇನು?" ಎಂದಳು. ಆಕೆಯ ಪಡಿತರ ಚೀಟಿ, ಹೊಲದ ಉತಾರ, ವೃದ್ಧಾಪ್ಯ ವೇತನ ಎಲ್ಲವೂ ಹಾವೇರಿ ಜಿಲ್ಲೆಯವೇ. ಅವಳಿಗೆ ಏನು ಹೇಳಬೇಕೋ ನನಗೂ ತಿಳಿಯಲಿಲ್ಲ.

ಮುಂದೆ ಆದದ್ದು ಇನ್ನೂ ವಿಚಿತ್ರ. ಶಿಗ್ಗಾಂವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು ಹಾವೇರಿಯಿಂದ ಗೆದ್ದು ವಿಧಾನಸಭೆಯ ಸ್ಥಾನ ಬಿಟ್ಟರು. ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂಬುದು ಪ್ರಜಾಪ್ರತಿನಿಧಿ ಕಾಯ್ದೆಯ ನಿಯಮವಾದ್ದರಿಂದ ಅದೇ ವರ್ಷ ನವೆಂಬರ್ 13ರಂದು ಉಪಚುನಾವಣೆ ನಡೆದು ಯಾಸಿರ್ ಅಹ್ಮದ್ ಖಾನ್ ಪಠಾಣ್ ಆಯ್ಕೆಯಾದರು. ಯಾರು ಗೆದ್ದರು, ಯಾರು ಸೋತರು ಎಂಬುದು ನನ್ನ ವಿಷಯವಲ್ಲ, ಅದರಲ್ಲಿ ಕಾನೂನಿಗೆ ವಿರುದ್ಧವಾದದ್ದೂ ಏನಿಲ್ಲ. ದೇಶದ ಯಾವುದೇ ಕ್ಷೇತ್ರದ ಮತದಾರ ಲೋಕಸಭೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಆದರೆ ತಮ್ಮ ಶಾಸಕರ ಸ್ಥಾನವನ್ನು ಖಾಲಿ ಮಾಡಿಸಿದ ಆ ಚುನಾವಣೆಯಲ್ಲಿ ಶಿಗ್ಗಾಂವಿಯ, ಅದೇ ಕ್ಷೇತ್ರಕ್ಕೆ ಸೇರಿದ ಸವಣೂರಿನ ಜನರಿಗೆ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಒಂದು ಮತ ಹಾಕುವ ಅವಕಾಶವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಸಂಚಿನ ಮಾತಿಗೆ ಬರುತ್ತೇನೆ. ಈಗಿರುವ ಕ್ಷೇತ್ರಗಳ ನಕ್ಷೆ 2002ರ ಕಾಯ್ದೆಯಂತೆ ನೇಮಕವಾದ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗದ್ದು. ಅದು 2001ರ ಜನಗಣತಿಯನ್ನು ಆಧರಿಸಿದೆ, 2008ರ ಮೇ ತಿಂಗಳ ನಮ್ಮ ವಿಧಾನಸಭಾ ಚುನಾವಣೆಯಿಂದಲೇ ಬಳಕೆಗೆ ಬಂದಿದೆ. 2001ರಲ್ಲಿ ರಾಜ್ಯದ ಜನಸಂಖ್ಯೆ 5,28,50,562. ಇದನ್ನು ವಿಧಾನಸಭೆಯ 224 ಸ್ಥಾನಗಳಿಂದ ಭಾಗಿಸಿದರೆ ಸ್ಥಾನವೊಂದಕ್ಕೆ ಸುಮಾರು 2,35,940 ಜನ ಬರುತ್ತಾರೆ. ಆಗ ಧಾರವಾಡ ಜಿಲ್ಲೆಯಲ್ಲಿದ್ದವರು 16,04,253 ಜನ, ಎಂದರೆ 6.80 ಸ್ಥಾನ, ಹಾವೇರಿಯಲ್ಲಿದ್ದವರು 14,39,116 ಜನ, ಎಂದರೆ 6.10 ಸ್ಥಾನ, ಗದಗದಲ್ಲಿದ್ದವರು 9,71,835 ಜನ, ಎಂದರೆ 4.12 ಸ್ಥಾನ. ಅರ್ಧ ಶಾಸಕ, ಕಾಲು ಶಾಸಕ ಎಂದು ಇರುವುದಿಲ್ಲವಾದ್ದರಿಂದ ಧಾರವಾಡಕ್ಕೆ ಏಳು, ಹಾವೇರಿಗೆ ಆರು, ಗದಗಕ್ಕೆ ನಾಲ್ಕು ಬಂದವು. ಅದಕ್ಕೂ ಮೊದಲು ಗದಗ ಜಿಲ್ಲೆಯಲ್ಲಿ ಐದಿದ್ದವು. ಮುಂಡರಗಿ ಎಂಬ ಕ್ಷೇತ್ರವೇ ಅಳಿಸಿಹೋಗಿ ಅದರ ಹಳ್ಳಿಗಳು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿಹೋದದ್ದು ಈ ಭಾಗಾಕಾರದಿಂದಲೇ. ಮುಂಡರಗಿಯವರು ಅದನ್ನು ಇಂದಿಗೂ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ.

ಈಗ ಲೋಕಸಭೆಯ ಲೆಕ್ಕ. ರಾಜ್ಯಕ್ಕೆ 28 ಲೋಕಸಭಾ ಸ್ಥಾನಗಳು, ಒಂದೊಂದಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು; ಎಂಟನ್ನು ಇಪ್ಪತ್ತೆಂಟರಿಂದ ಗುಣಿಸಿದರೆ ಸರಿಯಾಗಿ 224. ವಿಧಾನಸಭಾ ಕ್ಷೇತ್ರವೊಂದನ್ನು ಒಡೆದು ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚುವಂತಿಲ್ಲ ಎಂಬುದು ಕಾಯ್ದೆಯಲ್ಲೇ ಇದೆ. ನಮ್ಮ ಮೂರು ಜಿಲ್ಲೆಗಳ ಏಳು, ಆರು, ನಾಲ್ಕು ಕೂಡಿದರೆ ಹದಿನೇಳು. ಎರಡು ಎಂಟು ಹದಿನಾರು. ಒಂದು ಮಿಕ್ಕೇ ಮಿಗುತ್ತದೆ! ಅತ್ತ ಬಾಗಲಕೋಟೆ ಜಿಲ್ಲೆಯಲ್ಲಿ ಏಳೇ ಕ್ಷೇತ್ರಗಳಿರುವುದರಿಂದ ಅವರಿಗೆ ಒಂದು ಕಡಿಮೆ ಬೀಳುತ್ತದೆ. ನರಗುಂದ ಅಲ್ಲಿಗೆ ಹೋಯಿತು. ಧಾರವಾಡದ ಏಳಕ್ಕೆ ಒಂದು ಬೇಕಿತ್ತು, ಶಿಗ್ಗಾಂವಿ ಬಂದಿತು. ಹಾವೇರಿಯಲ್ಲಿ ಉಳಿದ ಐದಕ್ಕೆ ಗದಗ, ರೋಣ, ಶಿರಹಟ್ಟಿ ಸೇರಿ ಎಂಟಾದವು. ಯಾರು ಕುಳಿತು ಮಾಡಿದ್ದರೂ ಒಬ್ಬರಂತೂ ಜಿಲ್ಲೆಯ ನಂಟು ಬಿಟ್ಟು ಹೊರಗೆ ಹೋಗಲೇಬೇಕಾಗಿತ್ತು.

ಹಾಗೆಂದು ಇದೊಂದೇ ದಾರಿ ಇತ್ತು ಎಂದಲ್ಲ. ನರಗುಂದ, ನವಲಗುಂದ ಎಂದು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ರೂಢಿ. 1980ರ ರೈತ ಬಂಡಾಯವೂ ಈಚಿನ ಮಹದಾಯಿ ಹೋರಾಟವೂ ಈ ಎರಡು ಊರುಗಳನ್ನು ಒಂದೇ ನೊಗಕ್ಕೆ ಕಟ್ಟಿದವು. ನವಲಗುಂದ ಧಾರವಾಡ ಜಿಲ್ಲೆಯ ಏಳರಲ್ಲೊಂದಾದ್ದರಿಂದ ಇಂದು ಇವೆರಡೂ ಬೇರೆ ಬೇರೆ ಸಂಸದರ ಕೈಯಲ್ಲಿವೆ. ನರಗುಂದವನ್ನು ಧಾರವಾಡಕ್ಕೆ ಸೇರಿಸಿ, ಶಿಗ್ಗಾಂವಿಯನ್ನು ಹಾವೇರಿಗೇ ಬಿಟ್ಟು, ಬಾದಾಮಿ ತಾಲ್ಲೂಕಿಗೆ ಅಂಟಿಕೊಂಡಿರುವ ರೋಣವನ್ನು ಬಾಗಲಕೋಟೆಗೆ ಕೊಟ್ಟಿದ್ದರೂ ಲೆಕ್ಕ ಎಂಟೆಂಟಕ್ಕೆ ಸರಿಹೋಗುತ್ತಿತ್ತು. ಇದನ್ನು ಓದಿದ ರೋಣದವರು ನನ್ನನ್ನು ಸುಮ್ಮನೆ ಬಿಡಲಿಕ್ಕಿಲ್ಲ, ಅದೂ ಗೊತ್ತು. ಇಂಥ ಆಯ್ಕೆಗಳು ಇದ್ದವು, ಅವುಗಳನ್ನು ಕುರಿತು ಆಗ ನಾವು ಯಾರೂ ಊರಲ್ಲಿ ಕುಳಿತು ಮಾತನಾಡಲಿಲ್ಲ ಎಂಬುದಷ್ಟೇ ನನ್ನ ಬೇಸರ.

(ಪ್ರಾಸಂಗಿಕವಾಗಿ ಒಂದು ಮಾತು: 1997ರಲ್ಲಿ ಒಡೆದ ಹಳೆಯ ಧಾರವಾಡ ಜಿಲ್ಲೆ ವಿಧಾನ ಪರಿಷತ್ತಿನ ಮಟ್ಟಿಗೆ ಇನ್ನೂ ಒಡೆದಿಲ್ಲ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮೂರೂ ಜಿಲ್ಲೆಗಳು ಕೂಡಿಯೇ ಇಬ್ಬರನ್ನು ಆರಿಸುತ್ತವೆ. ಪಶ್ಚಿಮ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಉತ್ತರ ಕನ್ನಡವೂ ನಮ್ಮ ಜೊತೆಗಿದೆ.)

ಲೆಕ್ಕದ ಕೈಮೀರಿದ ತೊಡಕುಗಳನ್ನು ಸಹಿಸಬಹುದು. ಸಹಿಸಲಾಗದ್ದು ನಮ್ಮ ಅವಳಿ ನಗರದೊಳಗಿನ ಗೆರೆ. 2001ರಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 7,86,195. ಅದೇ ಭಾಗಾಕಾರದಲ್ಲಿ ಇದು ಮೂರು ಸ್ಥಾನ ಮತ್ತು ಮೇಲೊಂದು ಮೂರನೇ ಒಂದು ಭಾಗವಾಗುತ್ತದೆ. ಪೂರ್ವ, ಕೇಂದ್ರ, ಪಶ್ಚಿಮ ಎಂದು ಮೂರಾದ ಮೇಲೆ ಮಿಕ್ಕ ಧಾರವಾಡದ ಕೆಲವು ಭಾಗಗಳು ಸುತ್ತಲಿನ ಹಳ್ಳಿಗಳೊಂದಿಗೆ ಸೇರಿ ಧಾರವಾಡ ಕ್ಷೇತ್ರವಾದವು. ಹೀಗಾಗಿ ಧಾರವಾಡ ಊರಿನಲ್ಲಿ ಕ್ಷೇತ್ರಕ್ಕೆ ಹೆಸರಿಗಿಂತ ಅಂಕಿಯೇ ಗುರುತು, "ನೀವು ಎಪ್ಪತ್ತೊಂದೋ, ಎಪ್ಪತ್ನಾಲ್ಕೋ?" ಎಂದು ಕೇಳುತ್ತಾರೆ. ಧಾರವಾಡದಲ್ಲಿ ಹುಟ್ಟಿ, ಧಾರವಾಡದಲ್ಲೇ ಮನೆ ಕಟ್ಟಿದ ನನ್ನ ಮತದಾರರ ಗುರುತಿನ ಚೀಟಿಯ ಹಿಂಬದಿಯಲ್ಲಿ '74 – ಹುಬ್ಬಳ್ಳಿ-ಧಾರವಾಡ ಪಶ್ಚಿಮ' ಎಂದಿದೆ.

ಗೆರೆ ನಮ್ಮ ಬಡಾವಣೆಯ ಅಂಚಿನ ರಸ್ತೆಯ ಮೇಲೇ ಹಾದುಹೋಗಿದೆ. ಅಲ್ಲಿನ ತಿರುವಿನಲ್ಲಿ ರಾತ್ರಿ ಎರಡು ಬಾರಿ ಬೈಕುಗಳು ಬಿದ್ದ ಮೇಲೆ ಒಂದು ಹೈಮಾಸ್ಟ್ ದೀಪ ಹಾಕಿಸಿಕೊಡಿ ಎಂದು ನಾವು ನಿವಾಸಿಗಳು ಸಹಿ ಮಾಡಿ ಮನವಿ ಕೊಟ್ಟೆವು. ಮೊದಲು ಹೋದ ಕಚೇರಿಯಲ್ಲಿದ್ದವರು ನಕ್ಷೆ ತೆಗೆದು, ಬೆರಳಿಟ್ಟು, "ಆ ಕಂಬ ನಿಲ್ಲೋ ಜಾಗಾ ನಮ್ಮ ಕ್ಷೇತ್ರಕ್ಕ ಬರಂಗಿಲ್ರೀ ಸರ, ರಸ್ತೆ ಆ ಕಡೆಯವರನ್ನ ಕೇಳ್ರಿ" ಎಂದರು. ಆ ಕಡೆಯವರನ್ನು ಕೇಳಿದಾಗ, ಬೆಳಕು ಬೀಳುವುದು ಈ ಕಡೆಯ ಮನೆಗಳ ಮೇಲಲ್ಲವೇ ಎಂಬ ಉತ್ತರ ಬಂತು. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯ ಹಣವನ್ನು ಆಯಾ ಕ್ಷೇತ್ರದೊಳಗೇ ಖರ್ಚು ಮಾಡಬೇಕಾದ್ದರಿಂದ ಇಬ್ಬರ ಮಾತೂ ತಪ್ಪಲ್ಲ. ಪಾಲಿಕೆಯ ಸದಸ್ಯರನ್ನು ಕೇಳೋಣವೆಂದರೆ ಅವರ ವಾರ್ಡು ಎರಡೂ ಕ್ಷೇತ್ರಗಳಲ್ಲಿ ಕಾಲಿಟ್ಟು ನಿಂತಿದೆ.

ಇದು ಹೀಗೇಕೆ? ಆಯೋಗದ ಆದೇಶದಲ್ಲಿ ನಗರದ ಕ್ಷೇತ್ರಗಳ ವ್ಯಾಪ್ತಿಯನ್ನು ಪಾಲಿಕೆಯ ಅಂದಿನ ವಾರ್ಡುಗಳ ಸಂಖ್ಯೆಯಿಂದ ಹೇಳಲಾಗಿದೆ. ಆ ಆದೇಶ ಬದಲಾಗಿಲ್ಲ. ವಾರ್ಡುಗಳು ಮಾತ್ರ ಬದಲಾಗಿವೆ: 2013ರ ಪಾಲಿಕೆ ಚುನಾವಣೆಯಲ್ಲಿ 67 ಇದ್ದವು, 2021ರಲ್ಲಿ 82 ಆದವು. ಹಳೆಯ ಸಂಖ್ಯೆಗೂ ಹೊಸ ಸಂಖ್ಯೆಗೂ ತಾಳೆ ಇಲ್ಲ. ವಾರ್ಡು ವಿಂಗಡಿಸುವವರು ವಿಧಾನಸಭೆಯ ಗೆರೆಯನ್ನು ಎದುರಿಗಿಟ್ಟುಕೊಂಡು ಅದನ್ನು ದಾಟದಂತೆ ವಾರ್ಡು ಮಾಡಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಇದಕ್ಕೆ ಜನಸಂಖ್ಯೆಯ ಭಾಗಾಕಾರವನ್ನು ದೂರುವಂತಿಲ್ಲ. ನನಗೆ ಕಾಣುವ ಮಟ್ಟಿಗೆ ಇದು ಬರಿಯ ಉದಾಸೀನ.

ಗೆರೆ ಎಲ್ಲಿ ಹಾದುಹೋದರೇನು ಎನ್ನುವವರು 2018ರ ಫಲಿತಾಂಶವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಆ ಚುನಾವಣೆಯಲ್ಲಿ ಕುಂದಗೋಳದಲ್ಲಿ ಗೆಲುವಿನ ಅಂತರ 634 ಮತ, ಹಿರೇಕೆರೂರಿನಲ್ಲಿ 555. ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರೂ ಗೆದ್ದಂತೆಯೇ ಎಂಬ ನಮ್ಮ ಪದ್ಧತಿಯಲ್ಲಿ, ಸಾವಿರದ ಆಸುಪಾಸು ಮತದಾರರಿರುವ ಒಂದೇ ಒಂದು ಮತಗಟ್ಟೆಯ ಹಳ್ಳಿಯನ್ನು ಈ ಕ್ಷೇತ್ರದಿಂದ ತೆಗೆದು ಆ ಕ್ಷೇತ್ರಕ್ಕೆ ಹಾಕಿದರೆ ಶಾಸಕರೇ ಬದಲಾಗಬಹುದು. ರಾಜಕೀಯದವರಿಗೆ ಇದು ಚೆನ್ನಾಗಿ ಗೊತ್ತು. ಕಳೆದ ಸಲದ ಕಾಯ್ದೆಯಂತೆ ಪ್ರತಿ ರಾಜ್ಯದ ಐವರು ಸಂಸದರೂ ಐವರು ಶಾಸಕರೂ ಆಯೋಗಕ್ಕೆ ಸಹಸದಸ್ಯರಾಗಿದ್ದರು. ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ, ಆದರೆ ಒಳಗೆ ಕುಳಿತು ಮಾತನಾಡುವ, ಭಿನ್ನಾಭಿಪ್ರಾಯ ಬರೆದು ಪ್ರಕಟಿಸುವ ಅವಕಾಶವಿತ್ತು. ಸಾರ್ವಜನಿಕರಿಗೆ ಸಿಗುವುದು ಒಂದೇ ಘಟ್ಟ: ಕರಡು ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸುವುದು, ಬಹಿರಂಗ ಸಭೆಯಲ್ಲಿ ಹೇಳುವುದು. ಅಂತಿಮ ಆದೇಶ ಹೊರಬಿದ್ದರೆ ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎಂದು ಆ ಕಾಯ್ದೆಯೇ ಹೇಳಿತ್ತು.

ಆ ಘಟ್ಟ ಮತ್ತೆ ಹತ್ತಿರವಾಗುತ್ತಿದೆ. ಸಂವಿಧಾನದ 84ನೇ ತಿದ್ದುಪಡಿಯು ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿಯಿತು, ಮತ್ತು 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡು ಜನಗಣತಿ ನಡೆಸುವ ಅಧಿಸೂಚನೆ ಹೊರಬಿದ್ದಿದೆ. ಸ್ಥಾನಗಳು 224 ಆಗಿಯೇ ಉಳಿದರೆ ಬೆಂಗಳೂರಿನ ಪಾಲು ಬೆಳೆಯುತ್ತದೆ. 2011ರ ಜನಗಣತಿಯನ್ನೇ ಹಿಡಿದರೂ ಈಗ 28 ಸ್ಥಾನಗಳಿರುವ ಬೆಂಗಳೂರು ನಗರ ಜಿಲ್ಲೆಗೆ 35 ಆಗುತ್ತವೆ. ಅದೇ ಲೆಕ್ಕದಲ್ಲಿ ಹಾವೇರಿ 5.86ಕ್ಕೆ, ಗದಗ 3.90ಕ್ಕೆ ಇಳಿದಿದ್ದವು. ಪೂರ್ಣಾಂಕ ಮಾಡಿದರೆ ಆರು, ನಾಲ್ಕು ಎಂದು ಹೇಗೋ ಉಳಿಯುತ್ತವೆ, ಆದರೆ ಮುಂದಿನ ಎಣಿಕೆಯಲ್ಲಿ ಮುಂಡರಗಿಯ ಗತಿ ಇನ್ನೊಂದು ಊರಿಗೆ ಬಾರದು ಎಂದು ನಾನು ಹೇಳಲಾರೆ.

ಮೀಸಲಾತಿಯೂ ಇದಕ್ಕೇ ತಳಕು ಹಾಕಿಕೊಂಡಿದೆ. ಹಾವೇರಿ, ಶಿರಹಟ್ಟಿ, ಹುಬ್ಬಳ್ಳಿ-ಧಾರವಾಡ ಪೂರ್ವ ಈ ಮೂರೂ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿವೆ. ಅದು ಬದಲಾಗಬೇಕಾದರೆ ಮತ್ತೊಂದು ಪುನರ್ವಿಂಗಡಣೆಯೇ ಬೇಕು. ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಮೀಸಲಿಡುವ 106ನೇ ತಿದ್ದುಪಡಿಯೂ 2023ರಲ್ಲಿ ಅಂಗೀಕಾರವಾದಾಗ ಜನಗಣತಿ ಮತ್ತು ಪುನರ್ವಿಂಗಡಣೆಯ ನಂತರವೇ ಜಾರಿ ಎಂದು ಷರತ್ತು ಹಾಕಿಕೊಂಡೇ ಬಂತು. 2023ರಲ್ಲಿ ನಮ್ಮ ಮೂರು ಜಿಲ್ಲೆಗಳ ಹದಿನೇಳು ಕ್ಷೇತ್ರಗಳಿಂದ ಗೆದ್ದ ಹದಿನೇಳೂ ಮಂದಿ ಗಂಡಸರು. ಅದಕ್ಕೂ ಮೊದಲು ಇಲ್ಲಿಂದ ಕುಸುಮಾ ಶಿವಳ್ಳಿ ಅವರು ವಿಧಾನಸಭೆಗೆ ಹೋದದ್ದು 2019ರ ಕುಂದಗೋಳ ಉಪಚುನಾವಣೆಯಲ್ಲಿ, ಪತಿಯ ನಿಧನದಿಂದ ತೆರವಾದ ಸ್ಥಾನಕ್ಕೆ.

ಆದ್ದರಿಂದ ತಮ್ಮ ಪತ್ರಿಕೆಗೆ ನನ್ನದೊಂದು ವಿನಂತಿ. ಕರಡು ಪ್ರಕಟವಾದ ದಿನ ಯಾವ ನಾಯಕರ ಕ್ಷೇತ್ರ ಏನಾಯಿತು ಎಂಬ ಸುದ್ದಿಯ ಜೊತೆಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಮಟ್ಟಿಗಾದರೂ ಹಳ್ಳಿಗಳ ಹಾಗೂ ವಾರ್ಡುಗಳ ಪಟ್ಟಿಯನ್ನು ಪೂರ್ತಿಯಾಗಿ, ಹಳೆಯ ಕ್ಷೇತ್ರ ಯಾವುದು, ಹೊಸದು ಯಾವುದು ಎಂದು ಎದುರುಬದುರು ಮುದ್ರಿಸಿ, ಆಕ್ಷೇಪಣೆಗೆ ಕೊನೆಯ ದಿನ ಯಾವುದು, ಬಹಿರಂಗ ಸಭೆ ಎಲ್ಲಿ ಎಂಬುದನ್ನು ಮುಖಪುಟದಲ್ಲಿ ಕೊಡಬೇಕು. ರಾಜ್ಯಪತ್ರವನ್ನು ಬಂಕಾಪುರದಲ್ಲಿ ಯಾರೂ ಓದುವುದಿಲ್ಲ, ದಿನಪತ್ರಿಕೆಯನ್ನು ಓದುತ್ತಾರೆ. ನಾನಂತೂ ನಮ್ಮ ಬಡಾವಣೆಯ ಹಳೆಯ ವಾರ್ಡು, ಹೊಸ ವಾರ್ಡು, ಮತಗಟ್ಟೆಯ ಭಾಗ ಸಂಖ್ಯೆ ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಕಾಯುತ್ತಿದ್ದೇನೆ. ನರಗುಂದ, ರೋಣ, ಶಿಗ್ಗಾಂವಿಯ ಓದುಗರು ನನ್ನ ಮೇಲಿನ ಲೆಕ್ಕವನ್ನು ಪರಿಶೀಲಿಸಿ, ತಪ್ಪಿದ್ದರೆ ಇದೇ ಅಂಕಣದಲ್ಲಿ ತಿದ್ದಬೇಕೆಂದು ಕೋರುತ್ತೇನೆ.

– ನಿವೃತ್ತ ಗಣಿತ ಶಿಕ್ಷಕ, ಧಾರವಾಡ