ಶಾಸಕರೇ, ನಮ್ಮ ಶಾಲೆಗೊಬ್ಬ ಪಿ.ಟಿ. ಮೇಷ್ಟ್ರನ್ನು ಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮೂರ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದು ವರ್ಷಗಳಾದವು. ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ ಇದು. ಶಾಲೆ ನೋಡಿಕೊಳ್ಳುವ ಸಮಿತಿ, ಅಂದರೆ ಎಸ್‌ಡಿಎಂಸಿ, ಅದರ ಬೋರ್ಡಿನಲ್ಲಿ ಅಧ್ಯಕ್ಷರು ಅಂತ ಇರುವುದು ನಿಮ್ಮ ಹೆಸರೇ. ಮನವಿ ಕೊಟ್ಟಾಗಲೆಲ್ಲ ನಿಮ್ಮ ಪಿ.ಎ. 'ಸಾಹೇಬರ ಗಮನಕ್ಕೆ ತರ್ತೀನಿ' ಅಂದಿದ್ದಾರೆ. ಗಮನಕ್ಕೆ ಬಂದು ಬಂದು ನಿಮಗೂ ಸಾಕಾಗಿರಬೇಕು. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಆ ಹುದ್ದೆಯಲ್ಲಿ ಇದ್ದವರು ಎಂಥವರು ಅಂತ ಸ್ವಲ್ಪ ಹೇಳಬೇಕು. ನಾನೂ ಅವರ ಕೈಯಲ್ಲಿ ಏಟು ತಿಂದವನೇ. ಕಾಲೇಜಿನಲ್ಲಿ ಅವರು ಖೋ ಖೋ ಆಡಿದ್ದರು, ವಾಲಿಬಾಲ್ ಆಡಿದ್ದರು, ಟ್ರಿಪಲ್ ಜಂಪಿನಲ್ಲಿ ಯೂನಿವರ್ಸಿಟಿ ಬ್ಲೂ, ಅಂದರೆ ಯೂನಿವರ್ಸಿಟಿ ಪರವಾಗಿ ಆಡಿ ಬ್ಲೇಜರ್ ಪಡೆದವರು. ಆ ಬ್ಲೇಜರ್ ಹೊರಗೆ ಬರುತ್ತಿದ್ದದ್ದು ಆಗಸ್ಟ್ 15ಕ್ಕೆ ಮಾತ್ರ. ಹೊಟ್ಟೆ ಬಂದು ಗುಂಡಿ ಹಾಕೋಕೆ ಆಗದಿದ್ದರೂ ಬಿಡಲಿಲ್ಲ. ದೈಹಿಕ ಶಿಕ್ಷಣದ ಪದವಿ ಬಿ.ಪಿ.ಇಡಿ ಮುಗಿಸಿ ಇಲ್ಲಿಗೆ ಬಂದವರು ಇಲ್ಲೇ ನಿವೃತ್ತರಾದರು. ಅಷ್ಟರಲ್ಲಿ ಹೋಬಳಿ ದಾಟದ ನಮ್ಮ ಹುಡುಗಿಯರ ಖೋ ಖೋ ತಂಡ ತಾಲ್ಲೂಕು, ಜಿಲ್ಲೆ, ವಿಭಾಗ ಎಲ್ಲ ಗೆದ್ದು ರಾಜ್ಯಮಟ್ಟಕ್ಕೆ ಹೋಗಿ ಬಂತು. ಒಂದು ಸಲ ಅಲ್ಲ.

ಖೋ ಕೊಡುವಾಗ ಕೂತ ಜೊತೆಗಾತಿಯ ಬೆನ್ನು ಮುಟ್ಟುವುದು, ಬಾಯಲ್ಲಿ 'ಖೋ' ಅನ್ನುವುದು ಒಟ್ಟಿಗೇ ಆಗಬೇಕು. ಚೂರು ಹಿಂದೆ ಮುಂದೆ ಆದರೆ ಫೌಲ್. ಮೇಷ್ಟ್ರು ಅಂಕಣಕ್ಕೆ ಬೆನ್ನು ಹಾಕಿ ನಿಂತು, ಬರೀ ಸದ್ದು ಕೇಳಿ ಫೌಲ್ ಕೂಗುತ್ತಿದ್ದರು. ಅಂಕಣದ ತುದಿಯ ಕಂಬದ ಹತ್ತಿರ ಡೈವ್ ಹೊಡೆಯುವುದಕ್ಕೆ ಟ್ರಿಪಲ್ ಜಂಪಿನ ಹೆಜ್ಜೆ ಕಲಿಸುತ್ತಿದ್ದರು. ನಾಲ್ಕಾರು ಆಟ ಆಡಿದವರಿಗೆ ಮಾತ್ರ ಹೊಳೆಯುವ ವಿದ್ಯೆ ಅದು.

ನಿವೃತ್ತಿ ಆದ ಮೇಲೂ ಅವರು ಸುಮ್ನೆ ಮನೇಲಿ ಕೂರಲಿಲ್ಲ. ಬೆಳಿಗ್ಗೆ ಆರಕ್ಕೆ ಸೈಕಲ್ ತುಳಿದು ಬರುತ್ತಿದ್ದರು. ಒಂದು ರೂಪಾಯಿ ಕೇಳಲಿಲ್ಲ. ನನ್ನ ಮಗಳು ಆಗಷ್ಟೇ ಎಂಟನೇ ಕ್ಲಾಸಿಗೆ ಸೇರಿದ್ದಳು. ಒಂದು ದಿನ ಗೇಟಿಗೆ ಬೀಗ. 'ಆದೇಶ ಇಲ್ಲದೆ ಹೊರಗಿನವರು ಆವರಣದೊಳಗೆ ಬರುವ ಹಾಗಿಲ್ಲ, ಮಕ್ಕಳಿಗೆ ಏನಾದರೂ ಆದರೆ ಹೊಣೆ ಯಾರು?' ಅಂತ ಮೇಲಿನವರು ಹೇಳಿದರಂತೆ. ಹೊರಗಿನವರು! ಆ ಗ್ರೌಂಡಿನ ಕಲ್ಲು ಆರಿಸಿದ್ದೇ ಅವರು. ನಿಯಮ ಅಂದ್ರೆ ನಿಯಮ, ಸರಿ, ಒಪ್ಪೋಣ.

ಅದಾಗಿ ಸ್ವಲ್ಪ ದಿನಕ್ಕೆ ಅದೇ ಗೇಟು ಜೆಸಿಬಿಗೆ ತೆರೆಯಿತು. ಯಾಕೆ ಅಂತ ನಿಮಗೆ ಗೊತ್ತಲ್ವಾ? ನಿಮ್ಮ ಹೆಸರಿನ ಕಪ್. ಟೆನಿಸ್ ಬಾಲ್ ಕ್ರಿಕೆಟ್, ರಾತ್ರಿಯೆಲ್ಲ ಲೈಟು, ಸ್ಪೀಕರು. ಖೋ ಖೋ ಅಂಕಣ ಕೆರೆದು ಪಿಚ್ ಮಾಡಿದರು. ಎರಡು ಕಂಬಗಳನ್ನೂ ಕಿತ್ತರು. ಒಂದಕ್ಕೆ ನಿಮ್ಮ ಫ್ಲೆಕ್ಸ್ ಕಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಇನ್ನೊಂದು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಆ ಕ್ರಿಕೆಟ್ ಹುಡುಗರೆಲ್ಲ ಯಾವ ಆದೇಶದ ಮೇಲೆ ಒಳಗೆ ಬಂದರು ಸ್ವಾಮಿ? ನಡುರಾತ್ರಿ ಬಾಟಲಿ ಒಡೆದವರು ಒಳಗಿನವರೋ, ಹೊರಗಿನವರೋ? ಉದ್ಘಾಟನೆಗೆ ಬಂದ ನೀವು 'ಕ್ರೀಡೆಯಿಂದ ಶಿಸ್ತು ಬರುತ್ತದೆ' ಅಂದಿರಿ. ಚಪ್ಪಾಳೆ ಜೋರಾಗಿಯೇ ಬಿತ್ತು.

ಈಗ ಗ್ರೌಂಡಲ್ಲಿ ಗಾಜಿನ ಚೂರು ಇದೆ, ಕಂಬ ಇಲ್ಲ, ಮೇಷ್ಟ್ರಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ ಪ್ರೌಢಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೆ ಆಟದ ಸಾಮಾನಿಗೆ ಅವಕಾಶ ಇದೆ. ಸಾಮಾನು ಬಂದಿದೆ, ಬೀರುವಿನಲ್ಲಿ ಭದ್ರವಾಗಿದೆ. ಹೋದ ಸಲ ತಾಲ್ಲೂಕು ಆಟಕ್ಕೆ ವಿಜ್ಞಾನದ ಮೇಡಂ ಮಕ್ಕಳನ್ನು ಕರೆದುಕೊಂಡು ಹೋದರು. ಪಾಪ, ಅವರು ತಾನೇ ಏನು ಮಾಡಿಯಾರು? ಮೊದಲ ಪಂದ್ಯಕ್ಕೇ ವಾಪಸ್. ತಮಾಷೆ ಅಂದರೆ, ದೈಹಿಕ ಶಿಕ್ಷಣದಲ್ಲಿ ನನ್ನ ಮಗಳಿಗೆ 'ಎ' ಗ್ರೇಡ್ ಬಂದಿದೆ. ಯಾರು ನೋಡಿ ಕೊಟ್ಟರೋ!

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಆಯಿತು. ಫೈನಲ್‌ನಲ್ಲಿ ಭಾರತದ ಹುಡುಗಿಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದ ಚೈತ್ರಾ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ನೀವೂ ಸ್ಟೇಟಸ್ ಹಾಕಿದ್ದಿರಿ, ನೋಡಿದೆ. ಹಳ್ಳಿಯಲ್ಲಿ ಕಲಿಸುವವರು ಇಲ್ಲದೆ ಅಂಥ ಹುಡುಗಿ ಆಕಾಶದಿಂದ ಉದುರುತ್ತಾಳಾ?

ನೇಮಕಾತಿ ಸರ್ಕಾರದ ಕೆಲಸ ಅಂತೀರಿ. ನೀವು ಸರ್ಕಾರದವರಲ್ವಾ? ದೈಹಿಕ ಶಿಕ್ಷಕರ ವಿಚಾರವಾಗಿ ಪ್ರೊ. ವೈದ್ಯನಾಥನ್ ಕೊಟ್ಟ ವರದಿ ಜಾರಿ ಮಾಡಿ ಅಂತ ಆ ಶಿಕ್ಷಕರ ಸಂಘದವರು ಕೂಗುತ್ತಲೇ ಇದ್ದಾರೆ. ಸದನದಲ್ಲಿ ಕೂರುವವರು ನೀವು, ನಿಮಗೆ ನಾನೇನು ಹೇಳಲಿ.

ಹುದ್ದೆ ತುಂಬಿಸಿ. ಅದು ತಡ ಆಗುತ್ತೆ ಅಂದರೆ, ಅಲ್ಲಿವರೆಗೆ ಆ ನಿವೃತ್ತ ಮೇಷ್ಟ್ರಿಗೆ ಒಳಗೆ ಬರೋಕೆ ಒಂದು ಪತ್ರ ಕೊಡಿಸಿ. ಸಂಬಳ ಬೇಡ ಅಂತ ಅವರೇ ಹೇಳಿದ್ದಾರೆ. ಎಸ್‌ಡಿಎಂಸಿ ಅಧ್ಯಕ್ಷರ ಒಂದು ಸಹಿ ಸಾಕು. ನಿಮ್ಮ ಕಪ್ಪಿಗೆ ಗ್ರೌಂಡ್ ಕೊಡುವ ಪತ್ರಕ್ಕೆ ಒಂದೇ ದಿನದಲ್ಲಿ ಸಹಿ ಬಿದ್ದಿತ್ತು ಅಂತ ಕೇಳಿದ್ದೇನೆ. ಪಿ.ಟಿ. ಮೇಷ್ಟ್ರನ್ನು ಕೊಡಿ. ಕಿತ್ತ ಕಂಬ ನೆಡಿಸಿ.

ಈ ವರ್ಷದ ಹೋಬಳಿ ಆಟ ಹತ್ತಿರ ಬರುತ್ತಿದೆ. ಅದರ ಒಳಗೆ ಆಗಬೇಕು. ಆಮೇಲೆ ನನ್ನ ಮಗಳು ಹತ್ತನೇ ಕ್ಲಾಸು ಮುಗಿಸಿ ಹೊರಟುಬಿಡುತ್ತಾಳೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ಒಬ್ಬ ಖೋ ಖೋ ಹುಡುಗಿಯ ಅಪ್ಪ