ಶುಕ್ರವಾರದ ಕನ್ನಡ ತರಗತಿ ಮತ್ತು ಮಕ್ಕಳ ಪತ್ರಗಳ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಊಟದ ಬಿಡುವಿನಲ್ಲಿ ಲೈಬ್ರರಿ ತೆರೆದಿರಬೇಕು ಎಂದು ಒಂಬತ್ತನೇ ತರಗತಿಯ ಮಕ್ಕಳು ಶುಕ್ರವಾರದ ಕನ್ನಡ ತರಗತಿಯಲ್ಲಿ ನನಗೆ ಬರೆದ ಪತ್ರ ನಿಮ್ಮ ವಾಟ್ಸಾಪ್ ಗುಂಪಿನಲ್ಲೆಲ್ಲ ಓಡಾಡಿದೆ. ಅದನ್ನು ಓದಿ ಕೆಲವರು ಶಾಲೆಗೆ ಬಂದಿರಿ, ಕೆಲವರು ಫೋನ್ ಮಾಡಿದಿರಿ. "ಮಕ್ಕಳಿಗೆ ಎದುರು ಮಾತಾಡೋದನ್ನು ಕಲಿಸ್ತಿದ್ದೀರಾ?" ಎಂಬುದು ಹೆಚ್ಚಿನವರ ಪ್ರಶ್ನೆ. "ಈ ಹಳೇ ವ್ಯಾಕರಣ, ಅಲಂಕಾರ ಎಲ್ಲ ಈಗ ಯಾರಿಗೆ ಬೇಕು, ಆ ಹೊತ್ತಿನಲ್ಲಿ ಗಣಿತ ಮಾಡಿಸಿ" ಎಂದವರೂ ಇದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಗಣಿತದ ಮಾತು ಮೊದಲು ಮುಗಿಸುತ್ತೇನೆ. ಶುಕ್ರವಾರದ ಆ ಪಿರಿಯಡ್ ಮೊದಲಿಂದಲೂ ಕನ್ನಡದ್ದೇ. ಹೊಸ ಪುಸ್ತಕ ಇಲ್ಲ, ಬೇರೆ ಫೀಸು ಇಲ್ಲ. ಅಲಂಕಾರ, ಸಮಾಸ, ಪತ್ರಲೇಖನ, ಪ್ರಬಂಧ ಎಲ್ಲವೂ ಎಸ್ಸೆಸ್ಸೆಲ್ಸಿಗೆ ಹೇಗೂ ಓದಲೇಬೇಕಾದವು. ಅವನ್ನು ಬಾಯಿಪಾಠ ಮಾಡಿಸಿ ಬಿಡುವ ಬದಲು, ಒಬ್ಬರನ್ನು ಒಪ್ಪಿಸುವಂತೆ ಬರೆಯಲು ಬಳಸಿ ನೋಡಿ ಎನ್ನುತ್ತಿದ್ದೇವೆ.

ಇನ್ನು ಎದುರು ಮಾತಿನ ವಿಷಯ.

ನಿಮ್ಮಲ್ಲಿ ಹಲವರಿಗೆ ಬೇಸರ ತಂದದ್ದು ಆ ಪತ್ರದ ಒಂದು ಸಾಲು. "ಲೈಬ್ರರಿಯನ್ನು ಮುಚ್ಚಲು ತೀರ್ಮಾನಿಸಲಾಗಿದೆ ಎಂದು ನೋಟಿಸಿನಲ್ಲಿದೆ. ತೀರ್ಮಾನಿಸಿದವರು ಯಾರು ಎಂದು ದಯವಿಟ್ಟು ತಿಳಿಸಿ" ಎಂದು ಮಕ್ಕಳು ಕೇಳಿದ್ದಾರೆ. ಇದು ಉದ್ಧಟತನ ಎಂದಿರಿ. ನನಗೆ ಹಾಗೆ ಕಾಣಲಿಲ್ಲ. ಆಗಷ್ಟೇ ಅವರು ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಕಲಿತಿದ್ದರು. "ಹುಡುಗನು ಗಾಜನ್ನು ಒಡೆದನು" ಎಂದರೆ ಮಾಡಿದವನು ಕಣ್ಣೆದುರೇ ಇದ್ದಾನೆ. "ಹುಡುಗನಿಂದ ಗಾಜು ಒಡೆಯಲ್ಪಟ್ಟಿತು" ಎಂದರೆ ಹಿಂದೆ ಸರಿದಿದ್ದಾನೆ, ಆದರೂ ಇದ್ದಾನೆ. "ಗಾಜು ಒಡೆದುಹೋಯಿತು" ಎಂದರೆ ಅವನ ಸುಳಿವೇ ಇಲ್ಲ. "ಕ್ರಮ ಕೈಗೊಳ್ಳಲಾಗುವುದು", "ನಿರ್ಧರಿಸಲಾಗಿದೆ" ಎಂಬ ಕಚೇರಿ ಮಾತುಗಳಲ್ಲೂ ಕರ್ತೃಪದ ಹೀಗೇ ಮರೆಯಾಗುತ್ತದೆ. ನಾವೆಲ್ಲ ಈ ಪಾಠ ಓದಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಬಿಟ್ಟಿದ್ದೇವೆ. ಈ ಮಕ್ಕಳು ಅದನ್ನು ನಿಜವಾದ ಒಂದು ನೋಟಿಸಿಗೆ ಹಚ್ಚಿ ನೋಡಿದರು. ನನಗೆ ಇದಕ್ಕಿಂತ ಸಂತೋಷದ ವಿಷಯ ಇನ್ನೊಂದಿಲ್ಲ.

ಅವರಿಗೆ ನಾನು ಉತ್ತರ ಕೊಟ್ಟೆ. ತೀರ್ಮಾನ ನನ್ನದು, ಊಟದ ಹೊತ್ತಿಗೆ ಅಲ್ಲಿ ನೋಡಿಕೊಳ್ಳಲು ಶಿಕ್ಷಕರು ಸಿಗುವುದಿಲ್ಲ, ಅದೇ ಕಾರಣ ಎಂದು ಬರೆದೆ. ಅವರು ಆ ಕಾರಣವನ್ನು ಒಪ್ಪಿಕೊಂಡು, ಪಾಳಿ ಹಾಕಿಕೊಂಡು ತಾವೇ ನೋಡಿಕೊಳ್ಳುತ್ತೇವೆ ಎಂದು ಇನ್ನೊಂದು ಪತ್ರ ಕೊಟ್ಟಿದ್ದಾರೆ. ಅದರ ಬಗ್ಗೆ ಯೋಚಿಸುತ್ತಿದ್ದೇನೆ. ಒಪ್ಪಬಹುದು, ಒಪ್ಪದೆಯೂ ಇರಬಹುದು.

ನಿಮ್ಮ ಆತಂಕ ಸುಳ್ಳು ಎಂದು ನಾನು ಹೇಳುವುದಿಲ್ಲ. ಹದಿಮೂರು, ಹದಿನಾಲ್ಕರ ಮಕ್ಕಳು ಮನೆಯಲ್ಲಿ ಹೇಗೂ ಮಾತಿಗೆ ಮಾತು ಬೆಳೆಸುತ್ತಾರೆ. ಅದಕ್ಕೆ ನಾವು ಇನ್ನಷ್ಟು ಹುರುಪು ತುಂಬುತ್ತಿದ್ದೇವೆ ಎಂದು ನಿಮಗೆ ಅನ್ನಿಸುವುದು ಸಹಜ. ಆದರೆ ತರಗತಿಯಲ್ಲಿ ನಡೆಯುತ್ತಿರುವುದು ಬೇರೆ. ನಮ್ಮ ಹಳೆಯ ನ್ಯಾಯಶಾಸ್ತ್ರದವರು, ಅಂದರೆ ತರ್ಕಶಾಸ್ತ್ರದವರು, ಚರ್ಚೆಯನ್ನು ಮೂರು ಬಗೆ ಮಾಡಿದ್ದರು. ನಿಜ ಏನೆಂದು ತಿಳಿಯಲು ಮಾಡುವುದು ವಾದ. ಗೆಲ್ಲುವುದಕ್ಕಾಗಿಯೇ ಮಾಡುವುದು ಜಲ್ಪ. ತನ್ನದೊಂದು ನಿಲುವೇ ಇಲ್ಲದೆ ಎದುರಿನವರದನ್ನು ಕೆಡವುತ್ತಾ ಹೋಗುವುದು ವಿತಂಡ. ಮನೆಯಲ್ಲಿ ನಿಮಗೆ ತಲೆನೋವು ತರುವುದು ಕೊನೆಯ ಎರಡು, ಅಲ್ವಾ? ನಾವು ಕಲಿಸುತ್ತಿರುವುದು ಮೊದಲನೆಯದು.

ಮೊದಲನೆಯದಕ್ಕೆ ಒಂದು ಕಟ್ಟುನಿಟ್ಟು ಇದೆ. ಪೂರ್ವಪಕ್ಷ ಮೊದಲು ಬರಬೇಕು. ಅಂದರೆ, ತನ್ನ ಮಾತು ಶುರು ಮಾಡುವ ಮುಂಚೆ ಎದುರಿನವರ ಮಾತನ್ನು ಮಗು ತಾನೇ ಬರೆಯಬೇಕು. ಕೊಂಕಾಗಿ ಬರೆಯುವಂತಿಲ್ಲ, ಅರ್ಧ ಬರೆಯುವಂತಿಲ್ಲ. ಅದನ್ನು ಓದಿದವರು "ಹೌದು, ನಾನು ಹೇಳಿದ್ದು ಇದೇ" ಎನ್ನಬೇಕು. ಹಾಗೆ ಅನ್ನಿಸಿಕೊಳ್ಳದ ಪತ್ರವನ್ನು ನಮ್ಮ ಕನ್ನಡ ಶಿಕ್ಷಕಿ ಮುಂದೆ ಓದುವುದೇ ಇಲ್ಲ, ವಾಪಸ್ ಕೊಡುತ್ತಾರೆ. ಟ್ಯೂಷನ್ ಬೇಡ ಎಂದು ಬರೆಯಹೊರಟ ಮಗು, ಅಪ್ಪ ಟ್ಯೂಷನ್ ಯಾಕೆ ಬೇಕೆನ್ನುತ್ತಾರೆ ಎಂಬುದನ್ನು ಮೊದಲು ಅಪ್ಪನ ಜಾಗದಲ್ಲಿ ನಿಂತು ಬರೆಯಬೇಕು. ಎದುರು ಮಾತಾಡುವ ಮಗು ಈ ಕೆಲಸ ಮಾಡುತ್ತದೆಯೇ? ಮಾಡುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಇದು ಎದುರು ಮಾತಿನ ಪಾಠ ಅಲ್ಲ. ನಿಮ್ಮ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಪಾಠ.

ಅಲಂಕಾರವನ್ನೂ ಹೀಗೇ ಓದುತ್ತೇವೆ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬುದು ದೃಷ್ಟಾಂತ ಅಲಂಕಾರಕ್ಕೆ ಎಲ್ಲರೂ ಕೊಡುವ ಉದಾಹರಣೆ. ಎರಡು ವಾಕ್ಯ ಪಕ್ಕಪಕ್ಕ ನಿಂತು ಒಂದರ ಬಿಂಬ ಇನ್ನೊಂದರಲ್ಲಿ ಕಂಡಾಗ ಕೇಳಿದವರ ತಲೆ ತಾನಾಗಿ ಆಡುತ್ತದೆ. ಆದರೆ ಮೊದಲ ವಾಕ್ಯ ಎರಡನೆಯದಕ್ಕೆ ಪುರಾವೆಯಲ್ಲ. ಇದು ಗೊತ್ತಾದ ಮಗು ತಾನೂ ದೃಷ್ಟಾಂತವನ್ನು ಹದವಾಗಿ ಬಳಸುತ್ತದೆ, ಜಾಹೀರಾತಿನಲ್ಲೋ ಭಾಷಣದಲ್ಲೋ ಅದು ಬಂದರೆ ಕಾರಣ ಎಲ್ಲಿ ಎಂದು ಹುಡುಕುತ್ತದೆ.

ಈಗ ಓದುತ್ತಿರುವುದು ಕುಮಾರವ್ಯಾಸನ ಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ಪಾಂಡವರ ಕಡೆಗೆ ಒಲಿಸಲು ನೋಡುವ ಭಾಗ. ಕೃಷ್ಣ ಮೊದಲು ಮೈದುನತನದ ಸಲುಗೆಯಿಂದ ಕರ್ಣನನ್ನು ರಥದಲ್ಲಿ ತನ್ನ ಜೊತೆ ಕೂರಿಸಿಕೊಳ್ಳುತ್ತಾನೆ. ಆಮೇಲೆ ಹುಟ್ಟಿನ ಗುಟ್ಟು. ಆಮೇಲೆ ರಾಜ್ಯ: ಒಂದು ಕಡೆ ಕೌರವರು, ಇನ್ನೊಂದು ಕಡೆ ಪಾಂಡವರು, ನಡುವೆ ಸಿಂಹಾಸನದ ಮೇಲೆ ಕರ್ಣ. ಕೇಳುವವರನ್ನು ಒಪ್ಪಿಸುವುದು ಮೂರು, ಹೇಳುವವನ ಮೇಲಿನ ನಂಬಿಕೆ, ಕೇಳುವವರ ಮನಸ್ಸಿನ ಭಾವ, ಮಾತಿನೊಳಗಿನ ತರ್ಕ ಎಂದು ಗ್ರೀಸಿನ ಅರಿಸ್ಟಾಟಲ್ ಹೇಳಿದ್ದ. ಕೃಷ್ಣನ ಮಾತಿನಲ್ಲಿ ಮಕ್ಕಳು ಮೂರನ್ನೂ ತಾವೇ ಗುರುತಿಸಿದರು. ಅಷ್ಟೆಲ್ಲ ಆದ ಮೇಲೂ ಕರ್ಣ ಒಪ್ಪುವುದಿಲ್ಲ. ಗಂಟಲು ಬಿಗಿದು ಕಣ್ಣೀರು ಬಂದರೂ ದುರ್ಯೋಧನನ ಋಣ ಬಿಡುವುದಿಲ್ಲ. ತರಗತಿಯಲ್ಲಿ ಹೆಚ್ಚು ಹೊತ್ತು ಚರ್ಚೆ ನಡೆದದ್ದು ಇಲ್ಲೇ. ಮಾತು ಎಷ್ಟೇ ಚೆನ್ನಾಗಿದ್ದರೂ ಬೇಡ ಎನ್ನಬಹುದು.

ಇದು ನಿಮಗೂ ಅನ್ವಯಿಸುತ್ತದೆ. ಮಗು ಚೆನ್ನಾಗಿ ಬರೆದಿದೆ ಎಂದ ಮಾತ್ರಕ್ಕೆ ನೀವು ಹೂಂ ಎನ್ನಬೇಕಿಲ್ಲ. ಮನೆಯಲ್ಲಿ ಕೊನೆಯ ಮಾತು ನಿಮ್ಮದೇ. ಕಾವ್ಯದ ಬಗ್ಗೆ ಚರ್ಚಿಸುವ ಶಾಸ್ತ್ರವಾದ ಕಾವ್ಯಮೀಮಾಂಸೆಯಲ್ಲಿ ಪ್ರಭುಸಂಮಿತ, ಮಿತ್ರಸಂಮಿತ, ಕಾಂತಾಸಂಮಿತ ಎಂದು ಹೇಳುವ ರೀತಿಗಳನ್ನು ಮೂರು ಮಾಡಿದ್ದಾರೆ: ದೊರೆಯಂತೆ ಅಪ್ಪಣೆ, ಗೆಳೆಯನಂತೆ ಬುದ್ಧಿಮಾತು, ಪ್ರೀತಿಯವರಂತೆ ಒಲಿಸುವುದು. ಹೆಲ್ಮೆಟ್ ಹಾಕು ಎನ್ನುವಾಗ ದೊರೆಯ ದನಿಯೇ ಸರಿ, ಅಲ್ಲಿ ಚರ್ಚೆ ಬೇಡ. ಎಲ್ಲ ಹೊತ್ತಿಗೂ ಅದೊಂದೇ ದನಿಯಾದರೆ ಮಗು ಉಳಿದೆರಡನ್ನು ಎಲ್ಲಿ ಕಲಿಯಬೇಕು?

ಹಾಗಾಗಿ ತರಗತಿಯನ್ನು ನಿಲ್ಲಿಸುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹಾಗೆಯೇ, ಮಗು ಮನೆಯಲ್ಲಿ ದನಿ ಏರಿಸಿ "ಸ್ಕೂಲಲ್ಲಿ ಹೇಳಿಕೊಟ್ಟಿದ್ದಾರೆ" ಎಂದರೆ ಒಪ್ಪಬೇಡಿ, ನನಗೆ ತಿಳಿಸಿ. ಯಾರದೇ ರೂಪ, ಜಾತಿ, ಮನೆತನ ಹಿಡಿದು ಬರೆಯಲು ಇಲ್ಲಿ ಅವಕಾಶವಿಲ್ಲ. ಮಕ್ಕಳ ಪತ್ರಗಳ ಫೋಟೊವನ್ನು ಇನ್ನು ಮುಂದೆ ಯಾವ ಗುಂಪಿಗೂ ಹಾಕಬಾರದು. ಶಿಕ್ಷಕರಿಗೂ ಇದೇ ನಿಯಮ. ಕರಡು ಬರಹವನ್ನು ಊರೆಲ್ಲ ಓದುತ್ತದೆ ಎಂದು ಗೊತ್ತಾದರೆ ಮುಂದಿನ ಸಲ ಯಾವ ಮಗುವೂ ಮನಸ್ಸಿನಲ್ಲಿದ್ದದ್ದನ್ನು ಬರೆಯುವುದಿಲ್ಲ.

ಮುಂದಿನ ವಾರ ಮಗು ನಿಮಗೊಂದು ಪತ್ರ ತರುತ್ತದೆ, ಅದಕ್ಕೆ ಒಂದು ಕಾರಣವನ್ನಾದರೂ ಕೊಟ್ಟು ಉತ್ತರ ಬರೆದುಕೊಡಿ.

ಬರೆಯುವ ರೂಢಿ ಇಲ್ಲದವರು ಬಾಯಲ್ಲಿ ಹೇಳಿ, ಮಗು ಬರೆದುಕೊಳ್ಳಲಿ. ಯಾವ ಭಾಷೆಯಲ್ಲಿ ಹೇಳಿದರೂ ಪರವಾಗಿಲ್ಲ. ಇನ್ನೂ ಅನುಮಾನ ಇರುವವರು ಶುಕ್ರವಾರ ಆ ಪಿರಿಯಡ್‌ಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ಮೊದಲೇ ಹೇಳಬೇಕೆಂದಿಲ್ಲ, ಗೇಟಿನಲ್ಲಿ ಹೆಸರು ಬರೆದರೆ ಸಾಕು.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ